ಒಣ ಇಟ್ಟಿಗೆಯ ಹಸಿರು

ಕಡ್ಡಿರಾಂಪುರದ ಲಾಡ್ಜ್ ಕಟ್ಟಡದಲ್ಲಿ ಗೋಡೆ ಕಟ್ಟುವ ಗ್ಯಾಂಗು ಎರಡೇ. ಒಂದು ನನ್ನದು, ಇನ್ನೊಂದು ವೀರೇಶನದು. ಅವನಿಗೆ ಕರಣೆ ಹಿಡಿಯಲು ಕಲಿಸಿದವನು ನಾನು. ಈಗ ಇಂಜಿನಿಯರ್ ಪಲ್ಲವಿ ಮೇಡಂ ಅವರ ಟ್ಯಾಬ್‌ನಲ್ಲಿ ದಿನಾ ಅವನ ಹೆಸರು ಹಸಿರು, ನನ್ನದು ಕೆಂಪು. ಯಾರು ಎಷ್ಟು ಇಟ್ಟಿಗೆ ಕಟ್ಟಿದರು, ಎಷ್ಟು ಸಿಮೆಂಟು, ಎಷ್ಟು ನೀರು, ಎಲ್ಲವೂ ಸಂಜೆ ಅದರೊಳಗೆ ಹೋಗುತ್ತಿತ್ತು. ಅದನ್ನು ನೋಡಿಯೇ ಸಂಡೂರಿನ ಹಾಸ್ಟೆಲ್ ಕೆಲಸಕ್ಕೆ ಹೆಡ್ ಮೇಸ್ತ್ರಿಯನ್ನು ಆರಿಸುತ್ತಾರಂತೆ.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ವೀರೇಶ್ ಪಿಯುಸಿ. ಮೇಡಂ ಪಕ್ಕ ನಿಂತು ಟ್ಯಾಬ್ ಮೇಲೆ ಬೆರಳಾಡಿಸುತ್ತಾನೆ, ಅವರನ್ನು ನಗಿಸುತ್ತಾನೆ. ನೋಡಿದಾಗಲೆಲ್ಲ ನಾನು ಆ ಕಡೆ ಹೋಗದೆ ಗೋಡೆಗೆ ಮುಖ ತಿರುಗಿಸುತ್ತಿದ್ದೆ.

"ಇವತ್ತೂ ಕೆಂಪೇನಣ್ಣ?" ಎಂದ ಒಂದು ಸಂಜೆ. "ಕುಂಕುಮ ಅನ್ಕೊಂಡು ಹಚ್ಕೊಂಬಿಡು."

ಮರುದಿನ ಬೆಳಿಗ್ಗೆ ನನ್ನ ಗ್ಯಾಂಗಿನ ಎರ್ರೆಮ್ಮ ಎಂದಿನಂತೆ ಇಟ್ಟಿಗೆಗಳನ್ನು ನೀರಿನ ತೊಟ್ಟಿಗೆ ಇಳಿಸುತ್ತಿದ್ದಳು. ಕಂಪ್ಲಿ ಕಡೆಯಿಂದ ಬರುವ ಈ ಇಟ್ಟಿಗೆ ನೆನೆಸದೆ ಕಟ್ಟಿದರೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ನೆನೆಸಿ, ತೆಗೆದು, ಸೋರಲು ಬಿಡುವಷ್ಟರಲ್ಲಿ ತಾಸುಗಟ್ಟಲೆ ಹೋಗುತ್ತದೆ.

"ನೆನಸಬ್ಯಾಡ, ಹಂಗ ಕೊಡು," ಎಂದೆ.

"ಯಾಕಪ ಪಂಪೇಶ, ತೆಲಿ ನೆಟ್ಟಗೈತಿಲ್ಲೋ? ನೆನಸದು ನೀನ ಕಲಿಸಿದ್ದು."

"ಹೇಳಿದಷ್ಟು ಮಾಡವ್ವ."

ಮೂರು ದಿನ ನಾನು ಹಸಿರು, ವೀರೇಶ್ ಕೆಂಪು. ಅವನ ಮುಖ ನೋಡಲೆಂದೇ ಎರಡೆರಡು ಸಲ ಚಹಾಕ್ಕೆ ಹೋದೆ.

ನಾಲ್ಕನೆಯ ದಿನ ಪಲ್ಲವಿ ಮೇಡಂ ಟ್ಯಾಬ್ ಹಿಡಿದು ನನ್ನ ಗೋಡೆಯ ಬಳಿ ಬಂದರು.

"ಪಂಪೇಶ್, ಇಟ್ಟಿಗಿ ದುಪ್ಪಟ್ಟು ಕಟ್ಟೀರಿ. ನೀರು ಅರ್ಧಕ್ಕ ಇಳದೈತಿ. ಹೆಂಗ್ರಿ?"

ಅವರು ಮೇಲಿನ ಸಾಲಿನ ಇಟ್ಟಿಗೆಯೊಂದನ್ನು ಅಲುಗಿಸಿದರು. ಕೈಗೇ ಬಂತು. ಅಡಿಯ ಗಾರೆ ಹಿಟ್ಟಿನಂತೆ ಉದುರಿತು.

"ಇಲ್ನೋಡ್ರಿ," ಎಂದು ಟ್ಯಾಬ್ ತಿರುಗಿಸಿ, ನಾನು ಒಮ್ಮೆಯೂ ನೋಡಿರದ ಸಾಲೊಂದನ್ನು ತೋರಿಸಿದರು. "ಒಡದು ಮತ್ತ ಕಟ್ಟಿದ್ದು. ವೀರೇಶಂದು ನಾಕು ಸಲ. ನಿಮ್ದು ಸೊನ್ನಿ. ಇದನ್ನ ನೋಡೇ ಸಂಡೂರಿಗೆ ನಿಮ್ಮ ಹೆಸರು ಬರದಿದ್ದೆ, ಹ್ವಾದ ವಾರನ."

"ಮತ್ತ ಕೆಂಪು ಯಾಕ ತೋರಸ್ತಿತ್ತು?"

"ಅದು ಬರೀ ವೇಗ. ಕೇಳಿದ್ರ ಹೇಳ್ತಿದ್ದೆ."

ಹೇಗೆ ಕೇಳುವುದು? ಪಕ್ಕದಲ್ಲಿ ಅವನು ನಿಂತಿರುತ್ತಿದ್ದನಲ್ಲ.

"ಈಗ?"

"ಈಗ ವೀರೇಶ ಹೋಗ್ತಾನ್ರಿ."

ಮೂರು ದಿನದ ಗೋಡೆಯನ್ನು ನಾನೇ ಬಿಚ್ಚಿದೆ. ಹಾರೆಯೂ ಬೇಕಾಗಲಿಲ್ಲ. ವೀರೇಶ್ ಬಂದು, "ಕೈ ಹಚ್ಚಲೇನಣ್ಣ?" ಎಂದ.

"ಸಂಡೂರಾಗ ಹಚ್ಚು ಹೋಗಲೇ."

ಅವನು ಹೋಗಲಿಲ್ಲ. ಇಟ್ಟಿಗೆ ಎತ್ತೆತ್ತಿ ಎರ್ರೆಮ್ಮನ ಕೈಗೆ ಕೊಡತೊಡಗಿದ. ಅದಕ್ಕೂ ಉರಿಯಿತು ನನಗೆ.

ತೊಟ್ಟಿಗೆ ಬಿದ್ದ ಒಂದೊಂದು ಇಟ್ಟಿಗೆಯಿಂದಲೂ ಬುಳುಬುಳು ಗುಳ್ಳೆ ಏಳುತ್ತಿತ್ತು.

"ನೋಡು," ಎಂದಳು ಎರ್ರೆಮ್ಮ, "ಎಷ್ಟು ಬಾಯಾರಿದ್ವು."