ಝೂರಾ ಎಜೆಯ ಕಚೇರಿ ಒಪ್ಪದ ಫೈಲ್

ಎಸೆನ್ ಮೂರನೆಯ ಸಲ ಪಶುವೈದ್ಯ ಕಚೇರಿಗೆ ಬಂದಾಗ ಅಧಿಕಾರಿ ಝೂರಾ ಚಹಾದಲ್ಲಿ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದರು. ಊರಿಗೆಲ್ಲ ಹಿರಿಯಕ್ಕನಂತಿದ್ದ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಝೂರಾ ಎಜೆ ಎಂದೇ. ಎಸೆನ್ ನಲವತ್ತು ಕಿಲೋಮೀಟರ್ ಆಚೆಯ ಕೋಕ್‌ಬುಲಾಕ್ ಹಳ್ಳಿಯ ಪಶುವೈದ್ಯ. ಅವನ ಲಸಿಕೆ ಪಟ್ಟಿಯ ಮೇಲೆ ಎಜೆಯ ಮೊಹರು ಬೀಳದೆ ಹಳ್ಳಿಯ ಕುರಿಗಳು ಬೆಟ್ಟದ ಹುಲ್ಲುಗಾವಲಿಗೆ ಹೋಗುವಂತಿರಲಿಲ್ಲ.

"ಈ ಸಲನಾದ್ರೂ ನನ್ನ ಫೈಲು ತೆರೀತಾ, ಎಜೆ?"

"ಇಲ್ಲ ತಮ್ಮಾ. ನಮ್ಮ ಪ್ರೋಗ್ರಾಮ್ ಒಪ್ತಾ ಇಲ್ಲ."

"ನಂದು ಸಾದಾ ಫೈಲು. ಯಾವ ಕಂಪ್ಯೂಟರ್‌ನಲ್ಲಾದ್ರೂ ತೆರೆಯುತ್ತೆ. ನಿಮ್ಮ ಪ್ರೋಗ್ರಾಮ್ ನನ್ನ ಕಂಪ್ಯೂಟರ್‌ಗೆ ಹಾಕಿದ್ರೆ ಅದು ಮುದಿಕತ್ತೆ ಥರ ಕೂತ್ಬಿಡುತ್ತೆ."

"ನಿಯಮ ನಾನು ಮಾಡಿದ್ದಲ್ಲ. ಒಬ್ಬೊಬ್ರು ಒಂದೊಂದು ಥರ ತಂದ್ರೆ ನಾನೇನ್ ಮಾಡ್ಲಿ? ಹೋದ ವರ್ಷ ಒಬ್ಬ ಸಿಗರೇಟ್ ಪೊಟ್ಟಣದ ಮೇಲೆ ಬರ್ಕೊಂಡು ಬಂದಿದ್ದ."

ಅಷ್ಟರಲ್ಲಿ ಎಸೆನ್‌ನ ಫೋನು ಕೂಗಿತು. ಕಣಿವೆಯ ತಪಾಸಣೆ ಗೇಟಿನಿಂದ ಕುರಿಗಾಹಿ ಶಾಮೆನ್ ಮಾತನಾಡುತ್ತಿದ್ದ. ಆರು ನೂರು ಕುರಿಗಳೊಂದಿಗೆ ಅವನು ಅಲ್ಲಿ ಎರಡು ದಿನದಿಂದ ನಿಂತಿದ್ದ. "ಇಲ್ಲಿ ಹುಲ್ಲು ಮುಗೀತು. ಈಗ ಗೇಟಿನ ಬಣ್ಣ ನೆಕ್ತಿವೆ. ಮರಿಗಳು ನಿಲ್ಲಲಾರದೆ ಮಲಗಿಬಿಟ್ಟಿವೆ, ಎಸೆನ್."

ಎಜೆಗೂ ಅದು ಕೇಳಿಸಿತು. ಅವರು ಚಹಾ ಪಕ್ಕಕ್ಕಿಟ್ಟರು. "ಓದ್ತಾ ಹೋಗು. ನಾನೇ ಪ್ರೋಗ್ರಾಮಿನಲ್ಲಿ ಒಂದೊಂದಾಗಿ ಟೈಪ್ ಹೊಡೀತೀನಿ."

ಆದರೆ ಪ್ರೋಗ್ರಾಮಿಗೆ ಅಂದೇ ಹೊಸ ಪಾಸ್‌ವರ್ಡ್ ಬೇಕಾಗಿತ್ತು. ತಿಂಗಳಿಗೊಂದರಂತೆ ಎಜೆ ಮೊಮ್ಮಕ್ಕಳ ಹೆಸರನ್ನೆಲ್ಲ ಮುಗಿಸಿದ್ದರು. ಸೊಸೆಯ ಹೆಸರು ಹೊಡೆದರು; ಹಳೆಯದನ್ನೇ ಹೋಲುತ್ತದೆ ಎಂದಿತು. ಗಂಡನ ಹೆಸರು ಹೊಡೆದರು, ಬಲವಿಲ್ಲ ಎಂದಿತು.

"ಅದು ನನಗೆ ಮೊದಲೇ ಗೊತ್ತು," ಎಂದರು ಎಜೆ.

ಕೊನೆಗೆ ನೀವೇ ಝೂರಾ ಎಂಬುದಕ್ಕೆ ಸಾಕ್ಷಿ ಕೊಡಿ ಎಂದು ಪ್ರೋಗ್ರಾಮ್ ಪ್ರಶ್ನೆ ಹಾಕಿತು: ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು?

"ನಮ್ಮಪ್ಪನ ಹತ್ರ ನಾನೂರು ಕುರಿ ಇದ್ವು. ಯಾವುದನ್ನ ಮೊದಲನೇದು ಅನ್ನೋದು?"

"ಕುರಿ ಅಂತಲೇ ಹೊಡೆದು ನೋಡಿ," ಎಂದ ಎಸೆನ್.

ಹೊಡೆದರು. ಪ್ರೋಗ್ರಾಮ್ ಬಾಗಿಲು ಹಾಕಿಕೊಂಡಿತು. ಜಿಲ್ಲೆಯ ಆರು ವರ್ಷದ ಪಟ್ಟಿಗಳೆಲ್ಲ ಒಳಗೇ ಉಳಿದವು. ಎಜೆ ರಾಜಧಾನಿ ಬಿಶ್ಕೆಕ್‌ನ ಮುಖ್ಯ ಕಚೇರಿಗೆ ಫೋನ್ ಮಾಡಿ ಗೇಟಿನ ಹತ್ತಿರ ಮಲಗಿಬಿಟ್ಟ ಮರಿಗಳ ವಿಷಯವನ್ನೂ ಹೇಳಿದರು. ಆ ಕಡೆಯ ಹುಡುಗಿ ಸಮಾಧಾನದಿಂದಲೇ ಉತ್ತರಿಸಿದಳು: "ಹೊಸ ಪಾಸ್‌ವರ್ಡ್ ಬರೋಕೆ ಮೂರು ದಿನ ಆಗುತ್ತೆ ಎಜೆ. ನಿಯಮ ನಾನು ಮಾಡಿದ್ದಲ್ಲ."

ಎಜೆ ಫೋನ್ ಕೆಳಗಿಟ್ಟರು. ಎಸೆನ್‌ಗೆ ನಗು ಬಂದಿತ್ತು. ಅವನು ಕಿಟಕಿಯ ಕಡೆ ತಿರುಗಿ ಅದನ್ನು ನುಂಗಿಕೊಂಡ.

"ನಗು, ಪರವಾಗಿಲ್ಲ," ಎಂದರು ಅವರು. ತಮ್ಮ ಮೊಬೈಲ್ ಕೈಗೆತ್ತಿಕೊಂಡು, "ನಿನ್ನ ಫೈಲನ್ನ ನನ್ನ ಫೋನಿಗೆ ಕಳಿಸು," ಎಂದರು.

ಒತ್ತಿದ ಕೂಡಲೇ ಅದು ತೆರೆದುಕೊಂಡಿತು. ಕುರಿಯ ಕಿವಿಗೆ ಹಾಕಿದ ಬಿಲ್ಲೆಯ ಸಂಖ್ಯೆ, ಲಸಿಕೆ, ದಿನಾಂಕ ಎಲ್ಲ ಇದ್ದವು. ಎಜೆ ಕನ್ನಡಕ ಏರಿಸಿ ಸಾಲುಸಾಲಾಗಿ ಓದಿದರು. ಒಂದು ಸಂಖ್ಯೆ ಎರಡು ಸಲ ಬಂದಿದ್ದನ್ನು ಹಿಡಿದು ತಿದ್ದಿಸಿದರು. ಆಮೇಲೆ ಅಚ್ಚು ಹಾಕಿಸಿ, ಮೊಹರು ಒತ್ತಿ, ಕುರಿಗಳನ್ನು ಬಿಡಿ ಎಂದು ಗೇಟಿನವರಿಗೆ ತಾವೇ ಫೋನ್ ಮಾಡಿದರು.

"ಮುಖ್ಯ ಕಚೇರಿಯವರು ಕೇಳಿದ್ರೆ, ಎಜೆ?"

"ಕೇಳ್ಲಿ. ಪಟ್ಟಿ ನಾನು ಓದಿದ್ದೀನಿ."

ಮೂರು ದಿನದ ಮೇಲೆ ಪಾಸ್‌ವರ್ಡ್ ಬಂತು. ಎಜೆ ಮೊದಲು ಮಾಡಿದ ಕೆಲಸವೆಂದರೆ ಎಸೆನ್‌ಗೆ ಫೋನ್ ಹಚ್ಚಿದ್ದು. "ನೀನು ಫೈಲನ್ನ ಹಾಗೆ ಸಾದಾ ಮಾಡಿ ಉಳಿಸೋದು ಹೇಗೆ? ನಿಧಾನವಾಗಿ ಹೇಳು, ನನಗೆ ಅವಸರ ಇಲ್ಲ."

ಅವನು ಹೇಳಿದಂತೆ ಆರು ವರ್ಷದ ಪಟ್ಟಿಗಳನ್ನೂ ಪ್ರೋಗ್ರಾಮಿನಿಂದ ಹೊರಗೆ ತೆಗೆದಿಟ್ಟರು; ಮಧ್ಯಾಹ್ನದ ಊಟ ಮರೆತೇ ಹೋಯಿತು. ಸಂಜೆ ಹನ್ನೊಂದು ಹಳ್ಳಿಗಳ ಪಶುವೈದ್ಯರಿಗೂ ಅವರಿಂದ ಒಂದು ಸಂದೇಶ ಹೋಯಿತು: "ಪಟ್ಟಿ ನಿಮ್ಮಲ್ಲಿ ಹೇಗಿದೆಯೋ ಹಾಗೆಯೇ ಕಳಿಸಿ. ತೆರೆಯದಿದ್ದರೆ ನಾನೇ ಫೋನ್ ಮಾಡುತ್ತೇನೆ. ಅದಕ್ಕಾಗಿ ಯಾರೂ ಇಲ್ಲಿಯವರೆಗೆ ಬರಬೇಡಿ."