ಹಸಿರು ಟ್ರಕ್ಕಿನ ಕೀ

ನಾಲ್ವರೂ ಶವಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೊಸ್ತಿಲ ತನಕ ಬಂದಿದ್ದರು. ನೀದಿಯಾ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

“ಇಳಿಸಿ.”

“ಏನಮ್ಮಾ?” ಮುಂದಿನ ಬಲಗಡೆ ಹೆಗಲು ಕೊಟ್ಟಿದ್ದ ಬೇಕರಿಯ ಅರ್ಮೋದಿಯೊ ಕೇಳಿದ.

“ಇಳಿಸಿ ಅಂದೆ. ಬೆನಿಲ್ದ ಚಿಕ್ಕಮ್ಮ ಇನ್ನೂ ಬಂದಿಲ್ಲ. ಅವರು ಬರೋ ತನಕ ನನ್ನ ಎತ್ತಬೇಡಿ ಅಂತ ಅಮ್ಮ ಹೇಳಿದಾರೆ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದಾರೆ.”

ಅಂಗಳದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಪಾದ್ರಿ ಒಳಗೆ ಬಂದರು. “ನೋಡು ಮಗಳೇ, ಬೆನಿಲ್ದ ಈ ಮನೆ ಮೆಟ್ಟಿಲು ತುಳಿದು ಆರು ವರ್ಷ ಆಯ್ತು. ಇವತ್ತು ಭಾನುವಾರ ಬೇರೆ, ಮಧ್ಯಾಹ್ನ ಡ್ರಾ. ಲಾಟರಿ ಮಾರೋಳು ಟಿಕೆಟ್ ಹಲಗೆ ಬಿಟ್ಟು ಎದ್ದು ಬರ್ತಾಳಾ?”

“ಬರದಿದ್ರೆ ನಾಳೆ ಎತ್ತೋಣ ಫಾದರ್.”

“ಈ ಸೆಕೇಲಿ ನಾಳೆನಾ!”

ಅರ್ಮೋದಿಯೊ ಪಾದ್ರಿಯ ಮುಖ ನೋಡಿದ, ನೀದಿಯಾಳ ಮುಖ ನೋಡಿದ, ಕೊನೆಗೆ ಹೆಗಲು ತಗ್ಗಿಸಿದ. ಪೆಟ್ಟಿಗೆ ಮತ್ತೆ ಕುರ್ಚಿಗಳ ಮೇಲೆ ಕೂತಿತು.

ಹೊರಗೆ ಬೀದಿಯಲ್ಲಿ ನೆರೆದಿದ್ದವರಿಗೆ ಇದರಿಂದ ಒಂದು ಅನುಕೂಲವೇ ಆಯಿತು. ನಿಧಾನವಾಗಿ ಮಾತಾಡಿಕೊಳ್ಳಲು ಪುರುಸೊತ್ತು ಸಿಕ್ಕಿತು.

“ತಿಲಕ್ಕನಿಗೆ ಎಷ್ಟಾಗಿತ್ತು?” ಮೂಲೆಮನೆಯ ಮುದುಕಿ ಪ್ಲಾಸಿದಾ ಪಿಸುಗುಟ್ಟಿದಳು.

“ಎಪ್ಪತ್ಮೂರು.”

“ಅಯ್ಯೋ, ಪಕ್ಕಾನಾ? ನಾನು ಎಪ್ಪತ್ನಾಲ್ಕು ತಗೊಂಡ್ಬಿಟ್ಟಿದೀನಿ ಕಣೋ.”

“ಸಮಾಧಿ ನಂಬರ್ ತಗೋಬೇಕಿತ್ತು. ವಯಸ್ಸಿನ ವಿಷಯದಲ್ಲಿ ಹೆಂಗಸರನ್ನ ನಂಬೋಕಾಗುತ್ತಾ?”

ನಮ್ಮ ಊರು ಅಗ್ವಾದುಲ್ಸೆಯಲ್ಲಿ ಯಾರೇ ಸತ್ತರೂ ಹೀಗೇ. ಸತ್ತವರ ವಯಸ್ಸು, ಗುಂಡಿಯ ನಂಬರು, ಹೆಣದ ಗಾಡಿಯ ನಂಬರು, ಯಾವುದನ್ನೂ ನಾವು ಬಿಡುವುದಿಲ್ಲ; ಎರಡಂಕಿಯದೋ ನಾಲ್ಕಂಕಿಯದೋ, ಆ ನಂಬರಿನ ಲಾಟರಿ ಟಿಕೆಟ್ ಕೊಳ್ಳುತ್ತೇವೆ. ಇದರಲ್ಲಿ ಅಗೌರವ ಕಾಣುವವರು ಪರವೂರಿನವರು. ಹೋಗುವವರು ಹೋಗುವಾಗ ಏನಾದರೂ ಕೊಟ್ಟು ಹೋಗಲಿ ಎಂಬ ಆಸೆ, ಅಷ್ಟೆ. ತಿಲಕ್ಕ ಬದುಕಿದ್ದರೆ ಅವಳೇ ಎಲ್ಲರಿಗಿಂತ ಮೊದಲು ಸಮಾಧಿಯ ನಂಬರು ಕೇಳಿಕೊಂಡು ಬರುತ್ತಿದ್ದಳು.

ಬೀದಿಯ ಆಚೆ, ಬಾದಾಮಿ ಮರದ ನೆರಳಲ್ಲಿ, ಒಬ್ಬ ಮುದುಕ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಹತ್ತಿರ ಬರುವ ಧೈರ್ಯ ಅವನಿಗಿರಲಿಲ್ಲ.

“ಅವನು ಬೆನಿಲ್ದನ ಬಿಟ್ಟೋದ ಗಂಡ ಎವೆಲಿಯೋ ಅಲ್ವಾ?” ಪ್ಲಾಸಿದಾ ಕಣ್ಣು ಕಿರಿದು ಮಾಡಿದಳು. “ಅವನು ಇಲ್ಲಿದ್ರೆ ಬೆನಿಲ್ದ ಈ ಬೀದಿಗೆ ಕಾಲಿಡ್ತಾಳಾ? ಯಾರಾದ್ರೂ ಓಡಿಸ್ರೋ ಅವನನ್ನ.”

“ಯಾರನ್ನೂ ಓಡಿಸೋದು ಬೇಡ. ಇದು ನಮ್ಮಮ್ಮನ ಮನೆ,” ಎಂದಳು ನೀದಿಯಾ. ಚಪ್ಪಲಿ ಮೆಟ್ಟಿ ಮಾರುಕಟ್ಟೆಯ ದಾರಿ ಹಿಡಿದಳು.

*

ತಿಲಕ್ಕ, ಅಂದರೆ ದೊನಾತಿಲ, ಇಸ್ತ್ರಿ ಮಾಡಿ ಬದುಕಿದವಳು. ಸಕ್ಕರೆ ಕಾರ್ಖಾನೆಯ ಸಾಹೇಬರ ಅಂಗಿ, ಶಾಲೆ ಮಕ್ಕಳ ಸಮವಸ್ತ್ರ, ಪಾದ್ರಿಯ ನಿಲುವಂಗಿ ಎಲ್ಲವೂ ಅವಳ ಮೇಜಿನ ಮೇಲೆ ಹಾದುಹೋಗಬೇಕಿತ್ತು. ಗಂಡ ಬೇಗ ತೀರಿಕೊಂಡ. ಮಗಳನ್ನು ಆ ಇಸ್ತ್ರಿಪೆಟ್ಟಿಗೆಯೇ ಸಾಕಿತು. ಶನಿವಾರ ಸಂಜೆ ಕೈತೊಳೆದುಕೊಂಡು ಮಾರುಕಟ್ಟೆಗೆ ಹೋಗಿ, ಗೆಳತಿ ಬೆನಿಲ್ದಳ ಹಲಗೆಯಿಂದ ೪೦೭೯ ನಂಬರಿನ ಟಿಕೆಟ್ಟಿನ ಒಂದು ತುಂಡು ತರುತ್ತಿದ್ದಳು. ಒಂದು ಹಾಳೆಯಲ್ಲಿ ಒಂದೇ ನಂಬರಿನ ಹದಿನೈದು ತುಂಡು ಇರುತ್ತವೆ. ಎಷ್ಟು ತುಂಡೋ ಅಷ್ಟು ಪಾಲು. ಪೂರ್ತಿ ಹಾಳೆ ಕೊಳ್ಳುವ ಶಕ್ತಿ ಅವಳಿಗೆಲ್ಲಿಂದ ಬರಬೇಕು? ಒಂದು ತುಂಡನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಭಾನುವಾರ ಬೆಳಿಗ್ಗೆ ಮನೆ ಮೆಟ್ಟಿಲ ಮೇಲೆ ಕೂತಳೆಂದರೆ, ಮಧ್ಯಾಹ್ನದ ಡ್ರಾ ಆಗುವ ತನಕ ಅವಳಷ್ಟು ದೊಡ್ಡ ಶ್ರೀಮಂತೆ ಇಡೀ ಪನಾಮಾದಲ್ಲಿ ಇರಲಿಲ್ಲ.

ಲಾಟರಿ ಕನಸು ನಾವೂ ಕಾಣುತ್ತೇವೆ. ಆದರೆ ನಮ್ಮ ಕನಸು ನಮ್ಮ ಬೇಲಿ ದಾಟುವುದಿಲ್ಲ. ಒಂದು ಮನೆ, ಒಂದು ಕಾರು, ಬೇಡದ ನೆಂಟರಿಂದ ದೂರ. ತಿಲಕ್ಕನ ಕನಸಿಗೆ ಬೇಲಿಯೇ ಇರಲಿಲ್ಲ. ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸಿಕೊಂಡು ಹಂಚುತ್ತಿದ್ದಳು. ಪ್ಲಾಸಿದಾಳಿಗೆ ಸೋರದ ತಗಡಿನ ಸೂರು. ಪಾದ್ರಿಗೆ ಒಡೆದ ಗಂಟೆಯ ಬದಲಿಗೆ ಹೊಸ ಗಂಟೆ. ಬೆನಿಲ್ದಳಿಗೆ ಬೀದಿಗೆ ಕಿಟಕಿಯಿರುವ ಮನೆ, ಬಿಸಿಲಲ್ಲಿ ಕೂರದೆ ಆ ಕಿಟಕಿಯಿಂದಲೇ ಟಿಕೆಟ್ ಮಾರಲಿ ಎಂದು.

“ನೀನೇ ಅಷ್ಟು ದುಡ್ಡು ಹೊಡೆದ ಮೇಲೆ ನಾನ್ಯಾಕೇ ಇನ್ನೂ ಟಿಕೆಟ್ ಮಾರ್ಲಿ?” ಬೆನಿಲ್ದ ರೇಗಿಸುತ್ತಿದ್ದಳು.

“ಮತ್ತೆ ಉಳಿದೋರು ಆಡೋದು ಬೇಡ್ವಾ? ನಾನೊಬ್ಬಳೇ ಗೆದ್ರೆ ಸಾಕಾ?”

“ಇಸ್ತ್ರಿ ಬಿಡ್ತೀಯಾ?”

“ಎಲ್ಲಾ ಬಿಡ್ತೀನಿ. ಫಾದರ್ ನಿಲುವಂಗಿ ಒಂದ್ ಬಿಟ್ಟು. ಬೇರೆಯೋರು ಅದನ್ನ ಸುಟ್ ಹಾಕ್ತಾರೆ.”

ಹಣ ಬಂದ ಮೇಲಿನ ಪಜೀತಿಯನ್ನೂ ಅವಳು ಬಿಟ್ಟಿರಲಿಲ್ಲ. ದವೀದ್ ಪಟ್ಟಣದಿಂದ ಯಾವ ಯಾವ ನೆಂಟರು ಹುಟ್ಟಿಕೊಂಡು ಬರುತ್ತಾರೆ, ಅವರಿಗೆ ಏನು ಊಟ ಹಾಕಿ ಏನು ಹೇಳಿ ಕಳಿಸಬೇಕು, ಕಳ್ಳರು ಬಂದರೆ ಯಾವ ಕಡೆಯಿಂದ ಬರಬಹುದು ಎಂದೆಲ್ಲ ಯೋಚಿಸಿಟ್ಟಿದ್ದಳು. ಕೊಡುವುದರಲ್ಲೂ ಅವಳದು ಶಿಸ್ತು. ಪೋಲಿ ತಿರುಗುತ್ತಿದ್ದ ಅರ್ಮೋದಿಯೊಗೆ ಒಂದು ಬೇಕರಿ ಎಂದು ಗೊತ್ತು ಮಾಡಿದ ಮೇಲೆ ಅವನನ್ನು ಬಿಡಲೇ ಇಲ್ಲ. “ಬೇಕರಿ ಕೊಡೋಳು ನಾನು ರೆಡಿ ಇದೀನಿ. ನೀನು ರೆಡಿನಾ? ಹಿಟ್ಟು ನಾದೋಕೆ ಬರುತ್ತಾ? ನಾಳೆ ದುಡ್ಡು ಬಂದ್ರೆ ದಡ್ಡನ ಕೈಗೆ ಒಲೆ ಕೊಟ್ಟೆ ಅಂತ ಊರು ನಗುತ್ತೆ,” ಎಂದು ವಾರ ವಾರ ಕಾಡಿದಳು. ಕಾಟ ತಡೆಯಲಾರದೆ ಅವನು ಹೋಗಿ ಕೆಲಸ ಕಲಿತ. ಇವತ್ತು ಹೆಣದ ಮನೆಗೆ ಬಂದವರೆಲ್ಲ ತಿನ್ನುತ್ತಿದ್ದದ್ದು ಅವನದೇ ಒಲೆಯ ಬ್ರೆಡ್ಡು. ತಿಲಕ್ಕನಿಗೆ ಲಾಟರಿಯಲ್ಲಿ ಒಂದು ಕಾಸೂ ಬಂದಿರಲಿಲ್ಲ, ಆದರೂ ಬೇಕರಿ ಆಗಿತ್ತು. ಇಂಥವಳನ್ನು ನಾವು ತಮಾಷೆ ಮಾಡಿಕೊಂಡು ನಕ್ಕೆವಲ್ಲ.

ಜಗಳವಾದದ್ದೂ ಆ ಮೆಟ್ಟಿಲ ಮೇಲೆಯೇ. ಒಂದು ಭಾನುವಾರ ಹಂಚಿಕೆ ಮುಗಿಯಿತು ಎನ್ನುವಾಗ ತಿಲಕ್ಕ ಬೀದಿಯ ಕೊನೆ ನೋಡಿದಳು. ಎವೆಲಿಯೋ ಉಪ್ಪಿನ ಗದ್ದೆಯಿಂದ ಬರುತ್ತಿದ್ದ, ಬೆನ್ನು ಬಾಗಿಸಿಕೊಂಡು.

“ಅವನಿಗೊಂದು ಟ್ರಕ್ಕು,” ಎಂದಳು.

ಬೆನಿಲ್ದ ಕಾಫಿ ಲೋಟ ಕೆಳಗಿಟ್ಟಳು. “ಯಾರಿಗೆ?”

“ಎವೆಲಿಯೋಗೆ. ಹರೇದಿಂದ ಬೇರೆಯೋರ ಟ್ರಕ್ಕಿಗೆ ಮೂಟೆ ಹೊರ್ತಿದಾನೆ. ತನ್ನದೇ ಒಂದಿರ್ಲಿ. ಹಸಿರು ಬಣ್ಣದ್ದು.”

“ಇನ್ನೊಬ್ಬಳ ಹಿಂದೆ ನನ್ನ ಬಿಟ್ಟೋದೋನಿಗೆ ಟ್ರಕ್ಕಾ? ನನ್ನ ಎದುರಿಗೇ ಕೂತ್ಕೊಂಡು ಹೇಳ್ತೀಯಾ?”

“ಅಷ್ಟೊಂದು ದುಡ್ಡು ಇಟ್ಕೊಂಡು ಅವನೊಬ್ಬನ್ನ ಹೇಗೇ ಬಿಡ್ಲಿ ಬೆನಿಲ್ದ?”

“ಹಾಗಾದ್ರೆ ನನಗೆ ಕೊಟ್ಟ ಮನೆ ವಾಪಸ್ ತಗೋ! ಆ ಕಿಟಕೀಲಿ ಕೂತು ಅವನ ಟ್ರಕ್ಕು ಓಡಾಡೋದನ್ನ ನೋಡೋ ಕರ್ಮ ನನಗ್ಯಾಕೆ?”

ಇರದ ಮನೆ, ಇರದ ಟ್ರಕ್ಕು. ಅವತ್ತು ಎದ್ದುಹೋದ ಬೆನಿಲ್ದ ಮತ್ತೆ ಆ ಮೆಟ್ಟಿಲಿಗೆ ಬರಲಿಲ್ಲ. ಆದರೂ ಶನಿವಾರ ಸಂಜೆ ತಿಲಕ್ಕ ಮಾರುಕಟ್ಟೆಗೆ ಹೋಗುವುದು ನಿಲ್ಲಲಿಲ್ಲ. ಹಲಗೆಯ ಮುಂದೆ ನಿಂತು ಚಿಲ್ಲರೆ ಇಡುತ್ತಿದ್ದಳು. ಬೆನಿಲ್ದ ಮಗುಚಿಟ್ಟಿದ್ದ ೪೦೭೯ರ ಹಾಳೆ ತೆಗೆದು ಮೊದಲ ತುಂಡು ಹರಿದು ಕೊಡುತ್ತಿದ್ದಳು. ತಿಲಕ್ಕ ತೆಗೆದುಕೊಂಡ ಮೇಲೆಯೇ ಉಳಿದ ತುಂಡುಗಳು ಬೇರೆಯವರಿಗೆ. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ.

*

ಮಾರುಕಟ್ಟೆಯ ಬಾಗಿಲಲ್ಲಿ ಬೆನಿಲ್ದಳ ಹಲಗೆಯ ಸುತ್ತ ಜನವೋ ಜನ. ಎಪ್ಪತ್ಮೂರು ಮುಗಿದುಹೋಗಿತ್ತು. ಒಬ್ಬ ಹಲಗೆಯ ಮೂಲೆಯಲ್ಲಿ ಮಗುಚಿಟ್ಟಿದ್ದ ಹಾಳೆಗೆ ಕೈ ಹಾಕಿದ.

“ಅದು ಇಸ್ತ್ರಿ ತಿಲಕ್ಕನ ನಂಬರ್ ಅಲ್ವಾ? ಇವತ್ತು ಅದು ಬಂದೇ ಬರುತ್ತೆ. ಕೊಡು.”

ಬೆನಿಲ್ದ ಅವನ ಕೈ ಮೇಲೆ ಒಂದು ಏಟು ಕೊಟ್ಟಳು. “ಮುಟ್ಟಬೇಡ. ಮಾರಾಟಕ್ಕಿಲ್ಲ.”

ಆಗ ಅವಳಿಗೆ ನೀದಿಯಾ ಕಂಡಳು. ತಕ್ಷಣ ಚಿಲ್ಲರೆ ಎಣಿಸುವವಳ ಹಾಗೆ ತಲೆ ತಗ್ಗಿಸಿದಳು.

“ಚಿಕ್ಕಮ್ಮ, ಅಮ್ಮನ್ನ ಎತ್ತೋಕೆ ಬಿಟ್ಟಿಲ್ಲ. ನೀವು ಬರ್ಬೇಕು.”

“ನಾನು ಶುಕ್ರವಾರವೇ ಅತ್ತಾಯ್ತು, ಮನೇಲಿ. ನಡಿ, ನಿನ್ನ ಕೆಲಸ ನೋಡ್ಕೋ.”

“ನೀವು ಬರೋ ತನಕ ಎತ್ತಬೇಡಿ ಅಂದಿದಾರೆ.”

“ಸಾಯೋವಾಗ್ಲೂ ಹಟ.” ಬೆನಿಲ್ದ ಚಿಲ್ಲರೆಯನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದಳು. “ಅವನಿದ್ದಾನಾ ಅಲ್ಲಿ?”

“ಇದಾರೆ. ಮರದ ಕೆಳಗೆ.”

“ಹಾಗಾದ್ರೆ ಬರಲ್ಲ.”

ನೀದಿಯಾ ಹಲಗೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. “ಹೋದ ಭಾನುವಾರ ಆಸ್ಪತ್ರೆ ಹಾಸಿಗೇಲೂ ಹಂಚಿದ್ರು ಚಿಕ್ಕಮ್ಮ. ನರ್ಸಿಗೆ ಒಂದು ಮದುವೇನೇ ಮಾಡಿಸಿಕೊಟ್ರು. ನಿಮ್ಮ ಮನೆ ಹಾಗೇ ಇತ್ತು. ಕಿಟಕಿಗೆ ನೀಲಿ ಬಣ್ಣ ಹೊಡೆಸಿದ್ರು.”

“ವಾಪಸ್ ತಗೋ ಅಂದಿದ್ದೆನಲ್ಲ.”

“ತಗೊಂಡಿರ್ಲಿಲ್ಲ.”

ಬೆನಿಲ್ದ ಮಗುಚಿಟ್ಟ ಹಾಳೆಯ ಅಂಚು ಸರಿಮಾಡಿದಳು. ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದಳು. “ಟ್ರಕ್ಕು?”

“ಅದೂ ಇತ್ತು. ಆದ್ರೆ ಅವರಿಗೆ ಕೊಟ್ಟಿರ್ಲಿಲ್ಲ. ನಾನೇ ಕೇಳ್ದೆ, ಯಾಕಮ್ಮಾ ಅಂತ. ‘ಆರು ವರ್ಷದಿಂದ ನಮ್ಮ ಗೇಟಲ್ಲೇ ನಿಂತಿದೆ ಕಣೇ. ಬೆನಿಲ್ದ ಹೂಂ ಅನ್ನೋ ತನಕ ಕೀ ನನ್ನ ಹತ್ರಾನೇ ಇರುತ್ತೆ. ಅವಳ ಮನಸ್ಸು ನೋಯಿಸಿ ಅವನಿಗೆ ಹೇಗೆ ಕೊಡ್ಲಿ?’ ಅಂದ್ರು.”

ಟಿಕೆಟ್ಟಿಗೆ ಬಂದವರು ನಂಬರು ಕೂಗುತ್ತಲೇ ಇದ್ದರು. ಬೆನಿಲ್ದಳಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಕಣ್ಣನ್ನು ತೋಳಿಗೇ ಒರೆಸಿಕೊಂಡಳು. ಉಳಿದ ಟಿಕೆಟ್ಟುಗಳನ್ನೆಲ್ಲ ಒಟ್ಟುಮಾಡಿ ಪಕ್ಕದ ಹಲಗೆಯವಳ ಮಡಿಲಿಗೆ ಹಾಕಿದಳು.

“ಇದನ್ನ ಆಫೀಸಿಗೆ ವಾಪಸ್ ಕೊಟ್ಬಿಡು.”

“ಆ ಒಂದು ಹಾಳೆ ಉಳೀತಲ್ಲ?”

“ಅದು ನನ್ನ ಲೆಕ್ಕಕ್ಕೆ,” ಎಂದು ಬೆನಿಲ್ದ ೪೦೭೯ನ್ನು ಮಡಚಿಕೊಂಡು ಎದ್ದಳು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅವಳು ಒಂದು ಟಿಕೆಟ್ಟನ್ನೂ ತನಗೆಂದು ಕೊಂಡಿರಲಿಲ್ಲ.

*

ಮನೆಯೊಳಗೆ ಬಂದವಳೇ ಬೆನಿಲ್ದ ಪೆಟ್ಟಿಗೆಯ ಮುಚ್ಚಳ ತೆಗೆಸಿದಳು. ತಿಲಕ್ಕ ತಾನೇ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಕುಪ್ಪಸದಲ್ಲಿ ಮಲಗಿದ್ದಳು, ಒಂದು ಸುಕ್ಕೂ ಇರಲಿಲ್ಲ. ಬೆನಿಲ್ದ ಹಾಳೆ ಬಿಚ್ಚಿ ಮೊದಲ ತುಂಡು ಹರಿದು ಅವಳ ಕುಪ್ಪಸದೊಳಗೆ ಸಿಕ್ಕಿಸಿದಳು.

“ಅಯ್ಯೋ, ಗೆದ್ದುಬಿಟ್ರೆ?” ಪ್ಲಾಸಿದಾಳ ಜೀವ ತಡೆಯಲಿಲ್ಲ.

“ಗೆದ್ರೆ ಮೇಲೆ ಇರೋರಿಗೂ ಏನಾದ್ರೂ ಹಂಚ್ತಾಳೆ. ಸುಮ್ನಿರು.” ನಂತರ ಬಗ್ಗಿ ತಿಲಕ್ಕನ ಕೆನ್ನೆಗೆ ಕೆನ್ನೆ ಇಟ್ಟಳು. “ಬಂದೆ ಕಣೇ. ತಡ ಆಯ್ತು.”

ಈಗ ನೀದಿಯಾ ಬಾಗಿಲು ಬಿಟ್ಟು ನಿಂತಳು. ಪೆಟ್ಟಿಗೆ ಬೀದಿಗಿಳಿಯಿತು. ಬೆನಿಲ್ದ ಅದರ ಹಿಂದೆ ನಡೆದಳು. ಎಲ್ಲರಿಗಿಂತ ಹಿಂದೆ, ಕಲ್ಲೆಸೆದರೆ ಸಿಗದಷ್ಟು ದೂರದಲ್ಲಿ, ಎವೆಲಿಯೋ ಬಂದ.

ಗುಂಡಿ ಮುಚ್ಚುವವನು ಪಕ್ಕದ ಸಮಾಧಿಯ ಮೇಲೆ ರೇಡಿಯೋ ಇಟ್ಟಿದ್ದ. ಪಾದ್ರಿಯ ಪ್ರಾರ್ಥನೆ ಮುಗಿದು ಮಣ್ಣು ಬಿದ್ದಾಗ ಡ್ರಾಗೆ ಮುಂಚಿನ ಸಂಗೀತ ಸಣ್ಣಗೆ ಶುರುವಾಯಿತು. ಎಲ್ಲರ ಕೈ ಜೇಬಿಗೆ ಹೋಯಿತು. ಆಗ ಬೆನಿಲ್ದ ಹಾಳೆ ತೆಗೆದು ಹರಿಯತೊಡಗಿದಳು.

“ತಗೋ ಪ್ಲಾಸಿದಾ, ನಿನ್ನ ತಗಡು. ಅರ್ಮೋದಿಯೊ, ನಿನಗಾಗ್ಲೇ ಸಿಕ್ಕಿದೆ, ಆದ್ರೂ ತಗೋ. ಫಾದರ್, ನಿಮ್ಮ ಗಂಟೆ.”

ಪಾದ್ರಿ ಸುತ್ತ ಒಮ್ಮೆ ನೋಡಿ, ತುಂಡನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡರು. ನೀದಿಯಾಳಿಗೆ ಒಂದು. ಹೆಗಲು ಕೊಟ್ಟವರಿಗೆ, ಹೂ ತಂದವರಿಗೆ, ಗುಂಡಿ ಮುಚ್ಚಿದವನಿಗೆ. ಕೊನೆಗೆ ಬೆನಿಲ್ದಳ ಕೈಯಲ್ಲಿ ಎರಡು ತುಂಡು ಉಳಿದವು. ಒಂದನ್ನು ತನ್ನ ಕುಪ್ಪಸಕ್ಕೆ ಸಿಕ್ಕಿಸಿಕೊಂಡಳು.

ಇನ್ನೊಂದನ್ನು ಹಿಡಿದುಕೊಂಡು ತುಂಬಾ ಹೊತ್ತು ನಿಂತಳು. ಆಮೇಲೆ ಸಮಾಧಿಗಳ ನಡುವೆ ದಾರಿ ಮಾಡಿಕೊಂಡು ಗೇಟಿನ ತನಕ ಹೋದಳು. ಅಲ್ಲೇ ನಿಂತಿದ್ದ ಎವೆಲಿಯೋ ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ. ಅವನ ಕಡೆ ನೋಡದೆ ಅವಳು ಕೈ ಚಾಚಿದಳು.

“ಹಿಡಿ.”

“ಏನಿದು?”

“ಕೀ.”

ಅವನಿಗೆ ಅರ್ಥವಾಗಲಿಲ್ಲ.

“ಹಸಿರು ಬಣ್ಣದ್ದು. ತಿಲಾ ಕೊಟ್ಟಿದ್ದು, ನಾನಲ್ಲ. ಕುಡಿದು ಓಡಿಸಿದ್ರೆ ಕಿತ್ಕೋತೀನಿ.”

ರೇಡಿಯೋದಲ್ಲಿ ಮೊದಲ ಅಂಕಿ ಕೂಗಿದರು. ಯಾರೂ ಆ ಕಡೆ ತಿರುಗಲಿಲ್ಲ. ಉಪ್ಪು ಹೊತ್ತು ಬಿರುಕುಬಿಟ್ಟ ಕೈಗಳನ್ನು ಎವೆಲಿಯೋ ಒಂದೊಂದಾಗಿ ಅಂಗಿಗೆ ಒರೆಸಿಕೊಳ್ಳುತ್ತಿದ್ದ, ಬೆನಿಲ್ದ ಕೈ ಚಾಚಿಕೊಂಡು ಕಾಯುತ್ತ ನಿಂತಿದ್ದಳು.