ಗೋಡೆಯ ಒಂದೇ ಕಡೆ

"ಹಿಂದಿನ ಸಾಲಿಗೆ ಕಾಣ್ಸುತ್ತಾ?"

ಮೇಷ್ಟ್ರು ರಂಗದ ನಡುವೆ ನಿಂತು ಖಾಲಿ ಸಭಾಂಗಣವನ್ನು ಕೇಳಿದರು. ನಾಟಕದ ದಿನ ಬೆಳಿಗ್ಗೆ ಅವರು ಹೀಗೆ ಕೇಳುವುದು, ಕೊನೆಯ ಸಾಲಿನಿಂದ ಹೆಂಡತಿ "ನಿಮ್ಮ ಬೋಳುತಲೆ ಹೊಳೀತಿದೆ, ಇನ್ನೇನು ಕಾಣ್ಬೇಕು?" ಎನ್ನುವುದು, ಇಷ್ಟೂ ವರ್ಷದ ರೂಢಿ. ಅವಳು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಬಾಯಿಗೆ ಅದು ತಿಳಿದಂತಿರಲಿಲ್ಲ. ತುಸು ಹೊತ್ತು ಕಾದರು. ಆಮೇಲೆ "ಕೇಳ್ಸುತ್ತೆ, ಅಷ್ಟು ಸಾಕು" ಎಂದು ತಾವೇ ಹೇಳಿಕೊಂಡು ಕೆಳಗಿಳಿದರು.

ಅವರ ಕಸುಬು ಹೊಲಿಗೆ ಯಂತ್ರದ ರಿಪೇರಿ. ನಾಟಕ ಕಲಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು. ಚಿಕ್ಕವರಿದ್ದಾಗ ಅಪ್ಪ ನಸುಕಿನಲ್ಲಿ ದೇವರ ಮುಂದೆ ಪದ್ಯ ಹೇಳುತ್ತಿದ್ದರೆ ಇವರು ಕಂಬಳಿಯೊಳಗೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಕ್ಷರ ಕಲಿಯುವ ಮೊದಲೇ ನೂರಾರು ಪದ್ಯ ಒಳಗಿಳಿದಿದ್ದವು. "ಕಣ್ಣು ಬಿಟ್ಟರೆ ಅರ್ಧ ಸೋರಿಹೋಗುತ್ತೆ ಮಗಾ" ಎನ್ನುತ್ತಿದ್ದರು ಅಪ್ಪ. ಮೇಷ್ಟ್ರು ನಾಟಕವನ್ನೂ ಹಾಗೇ ಕಲಿಸುತ್ತಿದ್ದರು. ಕಣ್ಣು ಮುಚ್ಚಿ ಕೂತರೆ, ನಟರದು ಒಂದು ಉಸಿರು ತಪ್ಪಿದರೂ ಅವರ ಬೆರಳು ಮೇಲೇಳುತ್ತಿತ್ತು.

"ಬೇಕರಿಯವನೇ, 'ತಮ್ಮಾ' ಅನ್ನೋವಾಗ ಬಾಯಲ್ಲೇನೋ ಇದೆ."

"ರಸ್ಕು, ಮೇಷ್ಟ್ರೇ."

"ನುಂಗು. ಆಮೇಲೆ ಅಳು."

ನೋಡುವ ಕೆಲಸ ಹೆಂಡತಿಯದು. ಪಕ್ಕದ ಕುರ್ಚಿಯಲ್ಲಿ ಕೂತು ಯಾರು ಎಲ್ಲಿ ನಿಂತಿದ್ದಾರೆ, ಯಾರ ಬೆನ್ನು ಜನರ ಕಡೆ ಎಂಬುದನ್ನೆಲ್ಲ ಅವಳು ಹೇಳುತ್ತಿದ್ದಳು. ತಾಲೀಮು ನಡೆಯುತ್ತಿದ್ದದ್ದು ಬೇಕರಿಯ ಮೇಲಿನ ಕೋಣೆಯಲ್ಲಿ. ಕೆಳಗಿನ ಒಲೆಯ ಕಾವು ನೆಲದಿಂದಲೇ ಏರುತ್ತಿತ್ತು. ಎಡಮೂಲೆಯಲ್ಲಿ ಒಂದೇ ಒಂದು ಫ್ಯಾನು. ಪಾತ್ರ ಅಣ್ಣನದಾಗಲಿ, ತಮ್ಮನದಾಗಲಿ, ಸತ್ತ ಅಜ್ಜನದಾಗಲಿ, ಎಲ್ಲರೂ ಸರಿಯುತ್ತ ಸರಿಯುತ್ತ ಅದರ ಕೆಳಗೇ ಸೇರುತ್ತಿದ್ದರು. ಅವಳು ಎದ್ದು ಫ್ಯಾನು ಆರಿಸಿ, "ನಾಟಕ ಜನಕ್ಕೆ, ಗಾಳಿಗಲ್ಲ. ಹರಡ್ಕೊಳ್ಳಿ" ಎಂದು ಗದರಿ ಬಂದು ಕೂರುತ್ತಿದ್ದಳು.

ಅವಳು ಹೋದ ಮೇಲೆ ಯಾರೂ ಫ್ಯಾನು ಆರಿಸಲಿಲ್ಲ. ಅವಳ ಕುರ್ಚಿಯನ್ನೂ ಎತ್ತಿಡಲಿಲ್ಲ.

ಈ ಸಲದ ನಾಟಕದಲ್ಲಿ ಅಣ್ಣತಮ್ಮಂದಿರು ಅಪ್ಪನ ಮನೆಯನ್ನು ಪಾಲು ಮಾಡಿಕೊಳ್ಳುತ್ತಾರೆ. ನಡುವೆ ಗೋಡೆ ಏಳುತ್ತದೆ. ಅಣ್ಣ ಬೇಕರಿಯವನು, ತಮ್ಮ ಅಂಚೆಯವನು, ತಾಯಿ ಮೇಷ್ಟ್ರ ನಾದಿನಿ. ಹೆಂಡತಿಯ ಒಬ್ಬಳೇ ತಂಗಿ ಅವಳು. ಗೋಡೆಯೆಂದರೆ ಬಣ್ಣ ಬಳಿದ ಗೋಣಿಪರದೆ. ಸಭಾಂಗಣ ಕೈಗೆ ಸಿಕ್ಕಿದ್ದು ಪ್ರದರ್ಶನದ ದಿನವೇ ಆದ್ದರಿಂದ ಗೋಡೆ ಕಟ್ಟಿ ಆಡಿ ನೋಡಿರಲಿಲ್ಲ.

ಮೇಷ್ಟ್ರು ಪಕ್ಕದ ಪರದೆಯ ಮರೆಯಲ್ಲಿ ಕಣ್ಣು ಮುಚ್ಚಿ ನಿಂತರು. ಮೊದಲ ಅಂಕ ನೀರು ಹರಿದಂತೆ ಸಾಗಿತು. ಗೋಡೆ ಎದ್ದಿತು. "ಈ ಗೋಡೆ ನಿನ್ನ ಮುಖ ಮರೆ ಮಾಡ್ತಲ್ಲೋ ಅಣ್ಣಾ" ಎಂದ ಅಂಚೆಯವನು. ಒಂದು ಉಸಿರೂ ತಪ್ಪಿರಲಿಲ್ಲ; ಮೇಷ್ಟ್ರು ತಲೆದೂಗಿದರು. ಅಷ್ಟರಲ್ಲಿ ಯಾರೋ ಕಿಸಕ್ಕೆಂದರು. ಮತ್ತೊಬ್ಬರು. ಹಿಂದಿನಿಂದ ಒಂದು ದನಿ ಕೂಗಿತು: "ಗೋಡೆ ಯಾಕ್ರಪ್ಪಾ, ಇಬ್ರೂ ಒಂದೇ ಕಡೆ ಇದೀರಲ್ಲ!"

ಮೇಷ್ಟ್ರು ಕಣ್ಣು ಬಿಟ್ಟರು. ರಂಗದ ಎಡಮೂಲೆಯಲ್ಲಿ, ಫ್ಯಾನಿಲ್ಲದಿದ್ದರೂ, ಅಣ್ಣ, ತಮ್ಮ, ತಾಯಿ ಮೂವರೂ ಚಳಿಗೆ ಮುದುಡಿದ ಕೋಳಿಗಳ ಹಾಗೆ ಒತ್ತಿಕೊಂಡಿದ್ದರು. ಕಾಲು ಕಲಿತದ್ದನ್ನು ಮಾಡಿತ್ತು. ಗೋಡೆಯ ಆಚೆ ಇಡೀ ರಂಗ ಬರಿದಾಗಿ ಬೆಳಗುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮುಂದಿನ ಭಾನುವಾರ ಇನ್ನೊಂದು ಪ್ರದರ್ಶನವಿತ್ತು. ಈ ಪ್ರದರ್ಶನದ ಮರುದಿನ ಸಂಜೆ ಎಲ್ಲರೂ ಬೇಕರಿಯ ಮೇಲೆ ಸೇರಿದರು.

"ನಗೆನಾಟಕ ಅಂತ ಬೋರ್ಡು ಹಾಕ್ಲಾ ಅಂತ ಕೇಳ್ತಿದಾನೆ ಸಭಾಂಗಣದವನು" ಎಂದ ಬೇಕರಿಯವನು.

ಅಂಚೆಯವನಿಗೆ ನಗು ಬರಲಿಲ್ಲ. "ಕಾಗದ ಕೊಡೋಕೆ ಹೋದ ಮನೇಲೆಲ್ಲ 'ಗೋಡೆ ಹಾರಿ ಬಂದ್ಯಾ' ಅಂತಾರೆ. ಇನ್ನೊಂದ್ಸಲ ಹೀಗಾದ್ರೆ ನಾನು ಬಣ್ಣ ಹಚ್ಚಲ್ಲ, ಮೇಷ್ಟ್ರೇ."

"ನಾನೂ ಅಷ್ಟೇ" ಎಂದ ಬೇಕರಿಯವನು, ಮೆಲ್ಲಗೆ. "ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡೋರು ಒಬ್ರು ಬೇಕು."

ಇವರಿಬ್ಬರೂ ಬಿಟ್ಟರೆ ನಾಟಕವಿಲ್ಲ. ನಾಟಕವಿಲ್ಲದ ಸಂಜೆಗಳು ಹೇಗಿರುತ್ತವೆಂದು ಮೇಷ್ಟ್ರಿಗೆ ಗೊತ್ತಿತ್ತು. ಹೆಂಡತಿ ಹೋದ ಹೊಸದರಲ್ಲಿ, ಕೆಟ್ಟಿಲ್ಲದ ಯಂತ್ರಗಳನ್ನೂ ಬಿಚ್ಚಿ ಜೋಡಿಸುತ್ತ ಕೂತಿದ್ದರು. "ಸರಿ, ಇವತ್ತು ನಾನೇ ನೋಡ್ತೀನಿ. ಗೋಡೆ ದೃಶ್ಯ ಶುರು ಮಾಡಿ" ಎಂದರು.

ಕಣ್ಣು ಬಿಟ್ಟುಕೊಂಡೇ ಕೂತರು. ಮಾತುಗಳು ಒಳಗಿಳಿಯಲಿಲ್ಲ. ಎಷ್ಟು ನೆಟ್ಟಗೆ ನೋಡಿದರೂ ಕಣ್ಣಿನ ಅಂಚಿನಲ್ಲಿ ಪಕ್ಕದ ಕುರ್ಚಿ ಇತ್ತು. ಬೇಕರಿಯವನು ಎರಡು ಮಾತು ಹಾರಿಸಿಬಿಟ್ಟ. ಬೆರಳು ಏಳಲಿಲ್ಲ. ಅವನೇ ನಿಲ್ಲಿಸಿ ಮೇಷ್ಟ್ರ ಮುಖ ನೋಡಿದ. ಎಲ್ಲರೂ ನೋಡಿದರು.

"ಇವತ್ತಿಗೆ ಸಾಕು" ಎಂದರು ಮೇಷ್ಟ್ರು.

ಗಂಡಸರಿಬ್ಬರೂ ಮೆಟ್ಟಿಲಿಳಿದರು. ನಾದಿನಿ ಗೋಣಿಪರದೆ ಮಡಚುತ್ತಿದ್ದಳು. ಮೇಷ್ಟ್ರು ಇನ್ನೊಂದು ತುದಿ ಹಿಡಿದುಕೊಂಡರು.

"ತಾಯಿ ಪಾತ್ರಕ್ಕೆ ಬೇರೆ ಯಾರನ್ನಾದ್ರೂ ಹುಡುಕೋಣ" ಎಂದರು. "ನೀನು ನನ್ನ ಪಕ್ಕ ಕೂತ್ಕೋ. ಅವಳ ಹಾಗೆ, ನೋಡಿ ಹೇಳು."

"ಯಾರನ್ನಾದ್ರೂ ಕೂರಿಸಿ ಭಾವ. ಅಂಚೆಯವನ ಹೆಂಡ್ತಿ ಬರ್ತಾಳೆ."

"ಅವಳ ಮಾತು ನಂಗೆ ಹಿಡಿಸಲ್ಲ. ನಿನ್ನ ಧ್ವನಿ ಥೇಟ್ ನಿಮ್ಮಕ್ಕನದೇ."

"ಗೊತ್ತು." ಅವಳು ಪರದೆಯನ್ನು ಎದೆಗಾನಿಸಿಕೊಂಡು ನಿಂತಳು. "ನೀವು ಕಣ್ಣು ಮುಚ್ಕೊಂಡಿರ್ತೀರಿ. ಪಕ್ಕದಿಂದ ಈ ಧ್ವನಿ ಬರುತ್ತೆ. ಆಮೇಲೆ ನೀವು ಕಣ್ಣೇ ತೆರೆಯಲ್ಲ."

ಕೆಳಗೆ ಯಾರೋ ಒಲೆಯ ಬಾಗಿಲು ಮುಚ್ಚಿದರು.

"ಭಾನುವಾರದವರೆಗೆ. ಅಷ್ಟೇ" ಎಂದರು ಮೇಷ್ಟ್ರು. "ನಾನು ಯಾರನ್ನೂ ಏನೂ ಕೇಳಿದವನಲ್ಲ."

ನಾದಿನಿ ಮೂಲೆಗೆ ಹೋಗಿ ಗುಂಡಿ ಒತ್ತಿದಳು. ರೆಕ್ಕೆಗಳು ನಿಧಾನವಾಗಿ ನಿಂತವು.

"ಫ್ಯಾನು ದಿನಾ ನಾನೇ ಆರಿಸ್ತೀನಿ, ಭಾವ. ಆ ಕುರ್ಚೀಲಿ ಮಾತ್ರ ಕೂರಲ್ಲ."